ರಬ್ಬರ್ ಹಚ್ಚಿದ ಮಣೆ

ಈ ಅಂಕಣದಲ್ಲಿ ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತಿದ್ದೇನೋ. ಪ್ರತಿ ಸಲವೂ ಬೇರೆ ಏನನ್ನೋ ಬರೆದು ಕಳಿಸಿದೆ. ಗಂಜ್ ಮಾರುಕಟ್ಟೆಯ ತೊಗರಿಬೇಳೆ, ಸಿಟಿ ಬಸ್ಸು, ಬಿಸಿಲು. (ಕಲಬುರಗಿಯಲ್ಲಿ ಬಿಸಿಲಿನ ಬಗ್ಗೆ ಎಷ್ಟು ಬರೆದರೂ ಯಾರೂ ಸಾಕು ಅನ್ನುವುದಿಲ್ಲ.) ಈ ವಾರ ತಪ್ಪಿಸಿಕೊಳ್ಳಲು ಆಗುತ್ತಿಲ್ಲ. ಕಾರಣ, ಒಂದು ಹಳೇ ವೀಲ್‌ಚೇರು.

ಶರಣಸಿರಸಗಿ ಕಡೆಯ ಲೇಔಟಿನಲ್ಲಿ ನಮ್ಮ ಮನೆ. ಮೇಲೆ ನಾನು, ನನ್ನ ಹೆಂಡತಿ. ಕೆಳಗಿನ ಮನೆ ಬಾಡಿಗೆಗೆ. ಕಳೆದ ತಿಂಗಳು ಅದನ್ನು ನೋಡಲು ಸವಿತಾ ಎಂಬ ಹುಡುಗಿ ತನ್ನ ಕಾಕಾನ ಜೊತೆ ಬಂದಳು. ಊರು ಕಮಲಾಪುರ, ನನ್ನದೂ ಅದೇ. ಇಲ್ಲಿ ಆಫೀಸೊಂದರಲ್ಲಿ ಕೆಲಸ ಸಿಕ್ಕಿದೆ. ಕಾಲಲ್ಲಿ ಶಕ್ತಿಯಿಲ್ಲ, ಓಡಾಟವೆಲ್ಲ ವೀಲ್‌ಚೇರಿನಲ್ಲೇ.

ನಾನೇನು ಮಾಡಿದೆ? ಎಲ್ಲರೂ ಮಾಡುವುದನ್ನೇ. ಕಾಕಾನ ಮುಖ ನೋಡಿ ಕೇಳಿದೆ.

"ಹುಡುಗಿಗಿ ಈ ಬಾತ್‌ರೂಮ್ ನಡೀತದೇನ್ರಿ?"

"ನಡೀತದ, ನಡೀತದ," ಅಂದ ಕಾಕಾ.

"ಕಾಕಾಗ ನಡೀತದ್ರಿ ಮುತ್ಯಾ," ಅಂದಳು ಸವಿತಾ. (ಮುತ್ಯಾ ಅಂದರೆ ಅಜ್ಜ, ನಾನೇ.) "ಜಳಕಾ ಮಾಡಾಕಿ ನಾನು. ನಂಗ ಕೇಳ್ರಿ."

ಒಳಗೆ ಹೋಗಲು ನೋಡಿದಳು. ಬಾತ್‌ರೂಮಿನ ಬಾಗಿಲಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಹಿಂದೆ ಬಂದು, ವಾರೆ ಮಾಡಿ, ಮತ್ತೆ ನುಗ್ಗಿಸಿದಳು. ಒಳಗೇನೋ ಹೋಯಿತು, ತಿರುಗಲಿಲ್ಲ.

"ಹೊಸ್ತಿಲಾ ತೆಗಸಬೇಕ್ರಿ. ಬಾಗಲಾ ಹೊರಗಿನ ಕಡಿ ತೆರಕೋಬೇಕು. ಗ್ವಾಡಿಗಿ ಒಂದು ಹಿಡಿಕಿ. ಮುಂಜಾನಿ ಸಂಜಿಕಿ ಒಬ್ಬಾಕಿ ಬಂದು ಕೈ ಹಚ್ತಾಳ. ಆಕಿನ್ನ ನಾನೇ ನೋಡಿ ಇಟ್ಟೀನಿ."

ನನಗೆ ಕರುಣೆ ಉಕ್ಕಿತು. (ಮುದುಕರ ಕರುಣೆ ಅಪಾಯಕಾರಿ, ನೆನಪಿಡಿ.)

"ಒಬ್ಬಾಕಿ ಹ್ಯಾಂಗ ಇರ್ತೀಯವ್ವಾ? ಊಟಾ ನಮ್ಮನ್ಯಾಗೇ ಮಾಡು. ಒಂದು ಕೀಲಿ ನಮ್ಮ ಬಲ್ಲಿ ಇರ್ಲಿ. ಮನಿ ಮಗಳಂಗ ನೋಡ್ಕೋತೀವಿ."

"ಮನಿ ಮಗಳಾಗಿ ಭಾಳ ವರ್ಷ ಇದ್ದೀನ್ರಿ ಮುತ್ಯಾ," ಎಂದು ನಕ್ಕಳು. "ಈಗ ಬಾಡಗಿ ಕೊಟ್ಟು ಇರಬೇಕಂತ ಆಸೆ. ಊಟಕ್ಕ ಕರೀರಿ, ಬರ್ತೀನಿ. ಕೀಲಿ ಮಾತ್ರ ನಂದು."

ಕಾಕಾ ಗಾಬರಿಯಾದ. ಈ ಮನೆಯೂ ಕೈತಪ್ಪೀತು ಎಂಬ ಹೆದರಿಕೆ.

"ಆಕಿ ಮಾತು ಮನಸಿಗಿ ಹಚ್ಕೋಬ್ಯಾಡ್ರಿ. ಹೋದಲ್ಲೆಲ್ಲಾ ಇಲ್ಲ ಅಂದಾರ್ರಿ. ಈ ಕುರ್ಚಿನೂ ಭಾಳ ಸಪ್ಪಳ ಮಾಡ್ತದ. ಬೇಕಾದ್ರ ಗಾಲಿಗಿ ಬಟ್ಟಿ ಸುತ್ತಸ್ತೀನಿ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಈತ ಬಟ್ಟೆ ಎನ್ನುತ್ತಿದ್ದಾನೆ. ನಾನು ರಬ್ಬರ್ ಹಚ್ಚಿದ್ದೆ.

ನನಗೊಬ್ಬ ತಂಗಿ ಇದ್ದಳು. (ಹೆಸರು ಕೊನೆಗೆ ಹೇಳುತ್ತೇನೆ, ಧೈರ್ಯ ಬಂದರೆ.) ಚಿಕ್ಕಂದಿನಲ್ಲೇ ಪೋಲಿಯೋ. ಕಮಲಾಪುರದ ನಮ್ಮ ಮನೆಯಲ್ಲಿ ಮಣೆಯ ಮೇಲೆ ಕೂತು, ಕೈಯೂರಿ ತಳ್ಳಿಕೊಂಡು, ಶಹಾಬಾದ ಕಲ್ಲಿನ ನೆಲದ ಮೇಲೆ ಗರ್ ಎಂದು ಜಾರಿ ಬರುತ್ತಿದ್ದಳು. ಅಡುಗೆಮನೆಯಿಂದ ಮುಂಬಾಗಿಲಿಗೆ ಬರುವಷ್ಟರಲ್ಲಿ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಕೆಂಪು ಬಾಳೆಹಣ್ಣಿನವನ ಜೊತೆ ಚೌಕಾಸಿ ಆಕೆಯದೇ. "ಇದು ಬಾಳಿಹಣ್ಣೋ, ನಿನ್ನ ಕೈ ಕಿರುಬಟ್ಟೋ?" ಎನ್ನುವಳು. ಅವನು ನಕ್ಕು, ಒಂದು ಹೆಚ್ಚಿಗೆ ಇಟ್ಟು ಹೋಗುವನು.

ಅವ್ವ ತೀರಿದ ಮೇಲೆ ನಾನು, ನನ್ನ ತಮ್ಮ ಬೇರೆಯಾದೆವು. ಹಿರಿಯರನ್ನು ಕೂರಿಸಿ ಹೊಲ ಹಂಚಿದೆವು. ಅದೇ ಕೂಟದಲ್ಲಿ ತಂಗಿಯನ್ನೂ ಹಂಚಿಕೊಂಡೆವು. ದೀಪಾವಳಿಯಿಂದ ಯುಗಾದಿಯವರೆಗೆ ಕಲಬುರಗಿಯಲ್ಲಿ ನನ್ನ ಪಾಳಿ. ಉಳಿದದ್ದು ಕಮಲಾಪುರದಲ್ಲೇ ಇದ್ದ ತಮ್ಮನ ಪಾಳಿ.

ಆಕೆ ಕೇಳಿದ್ದು ಒಂದೇ. "ಅಣ್ಣಾ, ನಂಗ ಇಲ್ಲೇ ಮುಂದಿನ ಖೋಲಿ ಕೊಡ್ರಿ. ಬಾಜೂಮನಿ ಚಂದಮ್ಮ ಬಂದು ಎತ್ತಿ ಇಳಸ್ತಾಳ. ವರ್ಷಾ ವರ್ಷಾ ನನ್ನ ಗಂಟು ಕಟ್ಟಬ್ಯಾಡ್ರಿ."

"ಹಿರೇ ಅಣ್ಣ ಪಾಳಿ ತಪ್ಪಿಸ್ಯಾನ ಅಂತ ಜನಾ ಅನ್ನಾಂಗಿಲ್ಲೇನು?" ಎಂದೆ ನಾನು.

ಅಲ್ಲಿಗೆ ಮುಗಿಯಿತು. ಜನ ಹೊಗಳಿದರು, ಅಣ್ಣ ಅಂದರೆ ಹೀಗಿರಬೇಕು ಎಂದರು. ನನಗೂ ಹಾಗೇ ಅನಿಸಿತ್ತು.

ಇಲ್ಲಿ ಹೊಸ ಮನೆ, ಹೊಳೆಯುವ ಟೈಲ್ಸ್. ಆ ಮಣೆಯ ಸಪ್ಪಳ ನನ್ನ ತಲೆಗೆ ಹತ್ತುತ್ತಿತ್ತು. ನೆಲ ಗೀಚುತ್ತದೆಂಬ ಚಿಂತೆ ಬೇರೆ. ಒಂದು ಭಾನುವಾರ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಮಣೆಯ ತಳಕ್ಕೆ ನೀಟಾಗಿ ಹಚ್ಚಿದೆ. ಸಪ್ಪಳ ನಿಂತಿತು.

ಮಣೆಯೂ ನಿಂತಿತು. ರಬ್ಬರ್ ಎಲ್ಲಾದರೂ ಜಾರುತ್ತದೆಯೇ?

ಆಕೆ ಕೈಯೂರಿ ತಳ್ಳಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಛಲೋ ಮಾಡ್ದಿ ಅಣ್ಣಾ. ಇನ್ನ ಎಲ್ಲೂ ಹೋಗೂದೇ ಬ್ಯಾಡ," ಅಂದಳು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ!

ಯುಗಾದಿಗೆ ಆಕೆ ಕಮಲಾಪುರಕ್ಕೆ ಹೋದಾಗ ತಮ್ಮ ಆ ರಬ್ಬರ್ ಕಿತ್ತು ಹಾಕಿದ. ದೀಪಾವಳಿಗೆ ಬಂದಾಗ ನಾನು ಮತ್ತೆ ಹಚ್ಚಿದೆ. ಹೀಗೇ ನಡೆಯಿತು. ನೀರು ಬೇಕಾದರೆ ಕರೆಯುತ್ತಿದ್ದಳು. ಬರುಬರುತ್ತಾ ಕರೆಯುವುದನ್ನೂ ಬಿಟ್ಟಳು. ಕೊನೆಯ ಸಲ ಹಚ್ಚಿದ್ದನ್ನು ಕೀಳುವ ಪಾಳಿ ಬರಲೇ ಇಲ್ಲ. ಯುಗಾದಿಗೆ ಮುಂಚೆಯೇ ಹೋಗಿಬಿಟ್ಟಳು. ಇದೇ ಕೆಳಗಿನ ಮನೆಯಲ್ಲಿ ತೀರಿಕೊಂಡದ್ದು; ಆಗ ನಾವೆಲ್ಲ ಇಲ್ಲೇ ಇದ್ದೆವು. ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ.

ಈಗಲೂ ಕಮಲಾಪುರಕ್ಕೆ ಹೋದಾಗ ನನ್ನ ಕಿವಿ ಆ ಸಪ್ಪಳ ಹುಡುಕುತ್ತದೆ. ತಮ್ಮನ ಮನೆಯಲ್ಲಿ ಅವೇ ಕಲ್ಲುಗಳಿವೆ. ಆಕೆ ಓಡಾಡಿದ ದಾರಿಯಷ್ಟೇ ನುಣುಪು. ಚಪ್ಪಲಿ ಬಿಟ್ಟು ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಾಲು ತಂಪಾಗುತ್ತದೆ. ಅಷ್ಟೇ.

"ಬಟ್ಟಿ ಬ್ಯಾಡ," ಎಂದೆ. ಈ ಸಲ ಕಾಕಾನನ್ನಲ್ಲ, ಸವಿತಾಳನ್ನೇ ನೋಡಿ. "ಸಪ್ಪಳ ಆಗ್ಲಿ ಬಿಡವ್ವಾ. ಹಿಡಿಕಿ ಎಲ್ಲಿ ಬೇಕು, ತೋರಸು."

ಆಕೆಯೇ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದಳು. ಹೊಸ್ತಿಲು ತೆಗೆಸಿದೆ. ಬಾಗಿಲು ಅಗಲ ಮಾಡಿಸಿ, ಹೊರಗೆ ತೆರೆಯುವಂತೆ ಕೂರಿಸಿದೆ. ಇದ್ದ ಕೀಲಿಗಳೆಲ್ಲ ಆಕೆಯ ಕೈಗೆ ಹೋದವು.

ಲೇಔಟಿನವರು ಕೇಳುತ್ತಾರೆ, "ಪಾಪ, ಮನಿಯವರು ಒಬ್ಬಾಕಿನ್ನೇ ಬಿಟ್ಟಾರೇನ್ರಿ?" ಬಿಟ್ಟಿಲ್ಲ, ಆಕೆಯೇ ಆರಿಸಿಕೊಂಡಿದ್ದಾಳೆ ಎಂದರೆ ನಂಬುವುದಿಲ್ಲ. ನಾನೂ ಹಾಗೇ ಇದ್ದವನಲ್ಲವೇ? ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಅವರ ಹಾಸಿಗೆ ಯಾವ ಕೋಣೆಯಲ್ಲಿರಬೇಕೆಂದು ಅವರನ್ನೇ ಕೇಳಿದ್ದೀರಾ?

ನಿನ್ನೆ ಮುಂಜಾನೆ ಚಹಾ ಕುಡಿಯುತ್ತಾ ಕೂತಿದ್ದೆವು. ಕೆಳಗಿನಿಂದ ಗರ್ ಎಂದು ಸಪ್ಪಳ. ಅಡುಗೆಮನೆಯಿಂದ ಮುಂಬಾಗಿಲಿನವರೆಗೆ.

"ಯಾರ್ರೀ ಅದು, ಇಷ್ಟು ಲಗೂ ಎದ್ದಾರ?" ಎಂದಳು ಹೆಂಡತಿ.

ಸವಿತಾ ಎನ್ನಬೇಕಿತ್ತು.

"ಕಾಶಮ್ಮ," ಎಂದೆ.