ನಾತ ನಿಂತ ಗುಂಡಿ

ಪೀಪಾಯಿಯೊಳಗೆ ಉರಿಯುವ ಗಂಧಕದ ಪಟ್ಟಿ ಇಳಿಸುವ ಮುನ್ನ ಅಕ್ಕ ಅದರ ತೂತಿಗೆ ಬಾಯಿ ಹಚ್ಚಿ, "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಕೂಗುತ್ತಾಳೆ. ಆ ತೂತಿನಲ್ಲಿ ಮುಷ್ಟಿಯೂ ತೂರದು. ವೈನ್ ಕಾರ್ಖಾನೆಯವರೆಲ್ಲ ನಗುತ್ತಾರೆ. ಹದಿನೆಂಟು ವರ್ಷದಲ್ಲಿ ಅವಳು ಒಂದು ದಿನವೂ ಬಿಟ್ಟಿಲ್ಲ.

ಅಲ್ಲೇ ದುಡಿಯುವ ತಮ್ಮನಿಗೆ ಕೆಲಸ ಕಲಿಸಿದವಳೂ ಅವಳೇ. ಗಂಧಕದ ಹೊಗೆ ಪೀಪಾಯಿಯ ಬೂಷ್ಟು ಕೊಲ್ಲುತ್ತದೆ. ಮೂಗಿಗೆ ಘಾಟು ಬಡಿಯುತ್ತಿರುವಷ್ಟು ಹೊತ್ತು ವೈನ್ ತುಂಬಬಾರದು, ಘಾಟು ಹೋದರೆ ಭಯವಿಲ್ಲ. ಈ ಪಾಠ ಅವನ ತಲೆಯಲ್ಲಿ ಚೆನ್ನಾಗಿ ಕೂತಿತ್ತು.

ಆ ಬೆಳಿಗ್ಗೆ ಹಿತ್ತಲ ಗುಂಡಿಯ ಪಂಪು ಕಟ್ಟಿಕೊಂಡಿತು. ತೊಳೆದ ನೀರು, ದ್ರಾಕ್ಷಿಯ ಚರಟ ಸೇರಿ ಕೊಳೆಯುವ ಆಳವಾದ ಗುಂಡಿ ಅದು. ಅಕ್ಕ ಬರುವಷ್ಟರಲ್ಲಿ ತಮ್ಮ ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಮೇಲಿನ ಕಂಬಕ್ಕೆ ಕಟ್ಟಿ, ಏಣಿಯಲ್ಲಿ ಅರ್ಧ ಇಳಿದಿದ್ದ.

"ಕೊಳೆತ ಮೊಟ್ಟೆ ನಾತ ಕಣೇ ಅಕ್ಕಾ! ಆದ್ರೂ ನಿನ್ನ ಸಾರಿಗಿಂತ ವಾಸಿ."

"ತಮಾಷೆ ಸಾಕು, ಮೇಲೆ ಹತ್ತು."

ಅವನು ಇನ್ನೆರಡು ಮೆಟ್ಟಿಲು ಇಳಿದ. "ನೋಡು, ನಾತ ಹೋಯ್ತು. ಇನ್ನೇನು ಭಯ?"

ಅವರಪ್ಪ ಸತ್ತದ್ದು ಚರ್ಮ ಹದಮಾಡುವ ಕಾರ್ಖಾನೆಯ ಗುಂಡಿಯಲ್ಲಿ. ಅಲ್ಲಿಂದ ಬದುಕಿ ಬಂದವನೂ ಇದನ್ನೇ ಹೇಳಿದ್ದ, ನಾತ ಇದ್ದಕ್ಕಿದ್ದಂತೆ ನಿಂತಿತು ಎಂದು. ಕೊಳೆತಲ್ಲಿ ಗಂಧಕ ಬೇರೆಯೇ ವಿಷಗಾಳಿಯಾಗಿ ಏಳುತ್ತದೆ. ಆಗ ತಮ್ಮ ತೊಟ್ಟಿಲ ಕೂಸು. ದೊಡ್ಡವನಾದ ಮೇಲೂ ಅವಳು ಅದನ್ನು ಬಿಡಿಸಿ ಹೇಳಿರಲಿಲ್ಲ.

"ಹೋಗಿದ್ದು ನಾತ ಅಲ್ವೋ, ನಿನ್ನ ಮೂಗು! ಹತ್ತೋ!"

ಅವನ ಕೈ ಏಣಿಯಿಂದ ಜಾರಿತು. ಅವಳ ಕಾಲು ತಾನಾಗಿ ಮೊದಲ ಮೆಟ್ಟಿಲಿಗೆ ಹೋಯಿತು. ಅಪ್ಪ ಇಳಿದದ್ದೂ ಇನ್ನೊಬ್ಬನನ್ನು ಎತ್ತಲೆಂದೇ. ದೇವರನ್ನು ನೆನೆದು ಕಾಲನ್ನು ಹಿಂದಕ್ಕೆಳೆದುಕೊಂಡಳು. ಹಗ್ಗ ಹಿಡಿದು ಕೂಗಿಕೊಂಡಳು.

ಬಾಟಲಿ ತೊಳೆಯುವ ಮೂವರು ಹೆಂಗಸರು ಓಡಿಬಂದರು.

"ಬಗ್ಗಿ ನೋಡ್ಬೇಡ್ರೇ! ದೂರ ನಿಂತು ಎಳೀರಿ!"

ಅಂಗೈ ಚರ್ಮ ಸುಲಿಯಿತು. ತಮ್ಮನನ್ನು ಅಂಚಿಗೆ ಎಳೆದುಕೊಂಡಾಗ ಅವನ ತುಟಿ ಬೂದಿಯಂತಿತ್ತು. ಬಯಲಿಗೆ ಒಯ್ದು ಮಲಗಿಸಿದರು. ಬಹಳ ಹೊತ್ತಿನ ಮೇಲೆ ಅವನು ಒಮ್ಮೆ ಕೆಮ್ಮಿದ.

ಸಂಜೆ ಮ್ಯಾನೇಜರು ಆಸ್ಪತ್ರೆಗೆ ಬಂದರು. "ಡಾಕ್ಟರು ಪರವಾಗಿಲ್ಲ ಅಂದ್ರಲ್ಲಮ್ಮ. ಇನ್ಮೇಲೆ ನಿನ್ನ ತಮ್ಮನ್ನ ಗುಂಡಿ ಹತ್ರ ಕಳ್ಸಲ್ಲ. ಆಫೀಸಲ್ಲೇ ಕೂರಿಸ್ತೀನಿ. ನಿನ್ನ ಮುಖ ನೋಡಿ ಮಾಡ್ತಿರೋದು."

"ಮತ್ತೆ ಗುಂಡಿಗೆ?"

"ಅದಕ್ಕೇನು, ಬೇರೆ ಯಾರಾದ್ರೂ ಇಳೀತಾರೆ."

ಅಕ್ಕ ಬಟ್ಟೆ ಸುತ್ತಿದ ಕೈಗಳನ್ನು ಜೋಡಿಸಿದಳು. "ಹಾಗಾದ್ರೆ ಆ ಉಪಕಾರ ನಮಗೆ ಬೇಡ ಸಾರ್."