ಔಷಧಿ ಹೊಡೆದ ಮರುದಿನ

ಮೊನ್ನೆ ಬೆಳಿಗ್ಗೆ ಅಡಿಗೆಮನೆ ಕಿಟಕಿ ತೆಗೆದರೆ ಫಿನಾಯಿಲನ್ನು ಬಿಸಿಲಿಗಿಟ್ಟ ಹಾಗೆ ಒಂದು ವಾಸನೆ ಒಳಗೆ ನುಗ್ಗಿತು. ಕೆಳಗೆ ಪಾರ್ಕಿನಲ್ಲಿ ಮಾಲಿ ಬೆನ್ನಿಗೆ ಟಂಕಿ ಕಟ್ಟಿಕೊಂಡು ಕಲ್ಲುಹಾದಿಯ ಸಂದಿಯ ಹುಲ್ಲಿಗೆ ಔಷಧಿ ಹೊಡೆಯುತ್ತಿದ್ದ. ಪಕ್ಕದಲ್ಲೇ ಇಬ್ಬರು ಮಕ್ಕಳು ಸೈಕಲ್ ಓಡಿಸುತ್ತಿದ್ದರು. "ಭಯ್ಯಾ, ಪಹಲೇ ಬಚ್ಚೋಂ ಕೋ ಹಟಾವೋ!" ಎಂದು ಕೂಗಿದೆ, ಮೊದಲು ಮಕ್ಕಳನ್ನು ಅಲ್ಲಿಂದ ಕಳಿಸು ಅಂತ. ಮೊಮ್ಮಗಳು ಓಡಿ ಬಂದಳು. "ಅಜ್ಜಿ, ಚಿಲ್ಲಾ ಕ್ಯೋಂ ರಹೀ ಹೋ, ಯಾಕೆ ಕೂಗ್ತಿದ್ದೀರಾ? ಗ್ರಾಸ್‌ಗೆ ತಾನೇ ಹಾಕ್ತಿರೋದು!" ನಾನು ಕಿಟಕಿ ಮುಚ್ಚಿದೆ. ಇಪ್ಪತ್ತು ವರ್ಷ ಆದಮೇಲೂ ಆ ವಾಸನೆ ನನಗೆ ಮರೆತಿಲ್ಲ.

ಆಗ ನಾವು ಜನಕಪುರಿಯಲ್ಲಿದ್ದೆವು. ಮೆಟ್ರೋ ಆ ಕಡೆಗೆ ಇನ್ನೂ ಬಂದಿರಲಿಲ್ಲ. ನಮ್ಮವರು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆಗಿದ್ದರು. ಮನೆಯಲ್ಲಿ ಕೂತು ನನ್ನ ತಲೆ ತಿನ್ನುವುದಕ್ಕಿಂತ ಏನಾದರೂ ಮಾಡಲಿ ಎಂದು ನಾನೂ ಹೂಂ ಅಂದೆ. ನಜಫ್‌ಗಢ ದಾಟಿ ಹರಿಯಾಣದ ಒಂದು ಹಳ್ಳಿಯಲ್ಲಿ ತುಂಡು ಜಮೀನು ತೆಗೆದುಕೊಂಡರು. ಎರಡು ಬಸ್ಸು, ಆಮೇಲೆ ನಡಿಗೆ. ಬೇಸಾಯ ಅವರಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ.

ಗೊತ್ತಿದ್ದದ್ದು ಪಕ್ಕದ ಹೊಲದ ಮುದುಕರಿಗೆ. ಊರಿಗೆಲ್ಲ ಅವರು ‘ತಾವೂ’, ಅಂದರೆ ಅಲ್ಲಿನ ಮಾತಿನಲ್ಲಿ ದೊಡ್ಡಪ್ಪ. ನಾವೂ ಹಾಗೇ ಕರೆದೆವು. ಎತ್ತರದ ಆಳು, ಬಿಳಿ ಪೇಟ. ಬಾಯಿ ತೆಗೆದರೆ ಬೈಗುಳವೇ. ನಮ್ಮವರನ್ನು ಬಾಬೂ ಅನ್ನುತ್ತಿದ್ದರು, ನನ್ನನ್ನು ಬಹೂ, ಅಂದರೆ ಸೊಸೆ.

ಮೊದಲ ಚಳಿಗಾಲ ಅವರೇ ನಿಂತು ಗೋಧಿ ಬಿತ್ತಿಸಿದರು. ತಿಂಗಳಾಗುವ ಹೊತ್ತಿಗೆ ಗೋಧಿಗಿಂತ ಬಥುವಾ ಎತ್ತರ ಬೆಳೆದಿತ್ತು. ನಮ್ಮ ಕಡೆ ಚಕ್ಕೋತ ಸೊಪ್ಪು ಅನ್ನುತ್ತೇವಲ್ಲ, ಅದೇ. ಗೋಧಿಗೆ ಅದು ಕಳೆ, ಹೆಂಗಸರಿಗೆ ಅಡಿಗೆ. ಬೆಳಗಾದರೆ ಯಾರ ಹೊಲ ಎಂದು ನೋಡದೆ ಮಡಿಲು ತುಂಬ ಕಿತ್ತುಕೊಂಡು ಹೋಗುತ್ತಿದ್ದರು. ಅದನ್ನು ಯಾರೂ ಕಳ್ಳತನ ಅನ್ನುವುದಿಲ್ಲ. ತಾವೂನ ಸೊಸೆ ನಮ್ಮ ಹೊಲದ ಮೂಲೆಯಲ್ಲೇ ಕೀಳುತ್ತಿದ್ದಳು. ಏಳು ತಿಂಗಳ ಬಸುರಿ. ನಾವು ಹೊರಡುವಾಗ ನನಗೂ ಒಂದು ಕಟ್ಟು ಕೊಡುತ್ತಿದ್ದಳು.

ಕಳೆಗೆ ಹೊಡೆಯಲು ನಮ್ಮವರು ಪೇಟೆಯಿಂದ ಔಷಧಿಯ ಡಬ್ಬ, ಹೊಸ ಪಂಪು ತಂದರು. ತಾವೂ ಅದನ್ನು ಪೂರ್ತಿ ಬಿಚ್ಚಿ ಗೋಣಿಯ ಮೇಲೆ ಹರಡಿದರು. ಒಣಗಿದ್ದ ವಾಷರಿಗೆ ಸಾಸಿವೆ ಎಣ್ಣೆ ಸವರಿದರು. ನಳಿಗೆಯ ತುದಿಗೆ ಹಾಕುವ ಮೂತಿ ಪಂಪಿನ ಜೊತೆ ಬಂದದ್ದು, ಅದು ಹುಳದ ಔಷಧಿಗೆ ಸರಿ, ಕಳೆಗೆ ಆಗದು ಎಂದು ಬೇರೆ ಹಾಕಿದರು. ನೀರು ಬೀಸಣಿಗೆಯ ಹಾಗೆ ಅಗಲಕ್ಕೆ ಬೀಳಬೇಕಂತೆ. ಟಂಕಿಗೆ ಹಾಕುವ ನೀರನ್ನು ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ಮೂತಿ ಕಟ್ಟಿಕೊಳ್ಳುತ್ತದೆ. ಅರ್ಧ ನೀರು, ಆಮೇಲೆ ಔಷಧಿ, ಆಮೇಲೆ ಮಿಕ್ಕ ನೀರು. ಹಿಡಿ ಮಣ್ಣು ತೂರಿ ಗಾಳಿ ನೋಡಬೇಕು. ಸಾಸಿವೆ ಹೊಲದ ಕಡೆ ಹಾರಿದರೆ ಅವತ್ತು ಮನೆಗೆ ಹೋಗಬೇಕು, ಯಾಕೆಂದರೆ ಒಂದು ಹನಿ ತಾಗಿದರೂ ಸಾಸಿವೆ ಸುರುಟಿಕೊಳ್ಳುತ್ತದೆ.

ಎರಡು ಭಾನುವಾರ ಬರೀ ನೀರು. ಒಣ ದಾರಿಯ ಮೇಲೆ ನಮ್ಮವರನ್ನು ನಡೆಸಿ, ನೆಲದ ಮೇಲೆ ಒದ್ದೆ ಪಟ್ಟಿ ಹೇಗೆ ಬಿತ್ತು, ಒಂದು ಟಂಕಿ ಎಲ್ಲಿಯವರೆಗೆ ಬಂತು ಎಂದು ತಾವೂ ಬಗ್ಗಿ ಬಗ್ಗಿ ನೋಡಿದರು. "ಬಾಬೂ, ಆಫೀಸಲ್ಲೂ ಹೀಗೇ ನಡೀತಿದ್ಯಾ? ಅದಕ್ಕೇ ಸರ್ಕಾರ ಕೂತಲ್ಲೇ ಕೂತಿದೆ" ಅಂದರು. ನಾನು ನಕ್ಕುಬಿಟ್ಟೆ. ಕೊನೆಗೆ ತಾವೂ ಪಂಪಿನ ಹಿಡಿಗೆ ಒಂದು ಕೆಂಪು ಚಿಂದಿ ಕಟ್ಟಿ, "ನಾನು ಬರದೆ ಔಷಧಿಯ ಡಬ್ಬ ಮುಟ್ಟಬೇಡಿ" ಎಂದರು.

ಮೂರನೇ ಭಾನುವಾರ ಹೋದರೆ ತಾವೂ ಮಗಳ ಊರಿಗೆ ಹೋಗಿದ್ದರು. ಸಂಜೆ ಬರುತ್ತಾರೆ ಎಂದು ಸೊಸೆ ಹೇಳಿ ಎಮ್ಮೆಯ ಕೆಲಸಕ್ಕೆ ಹೋದಳು.

"ಮುಂದಿನ ವಾರ ಬರೋಣ ಕಣೇ" ಅಂದರು ನಮ್ಮವರು.

"ಎರಡು ಬಸ್ಸು ಹತ್ತಿ ಬಂದು ಕೈ ಬೀಸ್ಕೊಂಡು ಹೋಗೋದಾ? ಎರಡು ವಾರ ನೀರು ಹೊಡೆದು ಕಲಿತದ್ದು ಏತಕ್ಕೆ? ಹೊಡೀರಿ" ಅಂದೆ.

ಹೊಡೆದರು. ಗಾಳಿ ಇರಲಿಲ್ಲ. ಒಂದು ತಪ್ಪೂ ಮಾಡಲಿಲ್ಲ. ಮುಗಿಯುವುದರೊಳಗೆ ನಾನು ಆ ಚಿಂದಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದೆ. ಕೈ ಒರೆಸುವ ಬಟ್ಟೆ ಎಂದುಕೊಂಡೆ, ಎಣ್ಣೆ ಹಿಡಿದು ನಾರುತ್ತಿತ್ತು. ಕೊಳೆ ಬಟ್ಟೆ ಕಂಡರೆ ನನಗೆ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಅದಕ್ಕೆ ಸೋಪು ಹಚ್ಚುತ್ತಿದ್ದೆ. ಕೆಳಗೆ ತರಕಾರಿ ಗಾಡಿಯವನು ಕೂಗಿದ: "ಬಥುವಾ ಲೇ ಲೋ... ತಾಜಾ ಬಥುವಾ..." ಕೈ ಅಲ್ಲೇ ನಿಂತಿತು. ಹೊಲದಲ್ಲಿ ಔಷಧಿ ಹೊಡೆದಿದೆ ಎಂದು ನಾವು ಒಬ್ಬರಿಗೂ ಹೇಳಿ ಬಂದಿರಲಿಲ್ಲ.

ಇಷ್ಟು ಹೊತ್ತಿಗೆ ಅವಳು ಕಿತ್ತಿರುತ್ತಾಳೆ. ಒಲೆಯ ಮೇಲಿಟ್ಟಿರುತ್ತಾಳೆ. ಹೊಟ್ಟೆಯೊಳಗೆ ಇನ್ನೊಂದು ಜೀವ... ಹಳ್ಳಿಯ ಅಂಗಡಿಯಲ್ಲಿ ಫೋನಿತ್ತು, ನಂಬರು ನಮ್ಮಲ್ಲಿರಲಿಲ್ಲ. ಒದ್ದೆ ಕೈಯಲ್ಲೇ ಚಪ್ಪಲಿ ಮೆಟ್ಟಿ ಹೊರಟೆವು. ಎಂಥ ಮಂಜು ಎಂದರೆ ಬಸ್ಸು ಎತ್ತಿನ ಗಾಡಿಯ ಹಾಗೆ ಹೋಯಿತು. ನಮ್ಮವರು ಔಷಧಿಯ ಡಬ್ಬದ ಚೀಟಿಯಲ್ಲಿ ಏನು ಬರೆದಿತ್ತು ಎಂದು ನೆನಪು ಮಾಡಿಕೊಳ್ಳುತ್ತಿದ್ದರು. ಬಾಯಿ ಮುಚ್ಚಿ ಎಂದೆ. ಎದುರಿನ ಸೀಟಿನ ಹೆಂಗಸಿನ ಮಡಿಲಲ್ಲಿ ಸೊಪ್ಪಿನ ಕಟ್ಟಿತ್ತು. ಅವಳ ಕಡೆ ನೋಡಲಾಗಲಿಲ್ಲ.

ತಾವೂನ ಮನೆಗೆ ಬೀಗ ಹಾಕಿತ್ತು. ಹಾಡುಹಗಲು ಆ ಮನೆಗೆ ಬೀಗ ಬಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಆಸ್ಪತ್ರೆಗೆ ಒಯ್ದಿದ್ದಾರೆ ಎಂದುಕೊಂಡೆ. ನಮ್ಮವರು ಜಗಲಿಯ ಮೇಲೆ ಕೂತರು. ನಾನೊಬ್ಬಳೇ ಹೊಲಕ್ಕೆ ಓಡಿದೆ... ಓಡುವ ವಯಸ್ಸೇನಲ್ಲ.

ಹೊಲದ ಅಂಚಿನಲ್ಲಿ ಹಗ್ಗದ ಮಂಚ. ಅದರ ಮೇಲೆ ಕಂಬಳಿ ಹೊದ್ದು, ಕೋಲು ಹಿಡಿದು ತಾವೂ ಕೂತಿದ್ದರು.

"ಸೊಸೆ ಎಲ್ಲಿ?" ಎಂದೆ. ಹಿಂದಿಯಲ್ಲೋ ಕನ್ನಡದಲ್ಲೋ ನೆನಪಿಲ್ಲ. ಅವರು ಕೋಲು ಚಾಚಿದರು. ಆಚೆ ಬೋರಿನ ಹತ್ತಿರ ಅವಳು ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಕೈಯೆತ್ತಿದಳು. ನಾನೂ ಕೈಯೆತ್ತಿದೆ.

"ಲಾಲ್ ಕಪಡಾ ಕಿತ ಸೈ?" ತಾವೂ ಕೇಳಿದರು. ಕೆಂಪು ಬಟ್ಟೆ ಎಲ್ಲಿ?

"ಧೋ ದಿಯಾ" ಅಂದೆ.

"ಒಗೆದುಬಿಟ್ಟಳಂತೆ! ಬಾವಳೀ ಬಹೂ, ಹುಚ್ಚು ಸೊಸೆ!" ಎಂದು ಆಕಾಶಕ್ಕೆ ಹೇಳಿದರು. ಔಷಧಿ ಹೊಡೆದವರು ಹೊಲದ ಅಂಚಿನಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ ಹೋಗುವುದು ಆ ಊರಿನ ಕ್ರಮ. ಅದು ಕಂಡರೆ ಯಾರೂ ಸೊಪ್ಪು ಕೀಳುವುದಿಲ್ಲ, ದನ ಬಿಡುವುದಿಲ್ಲ. ಇದು ನಮಗೆ ಗೊತ್ತಿರಲಾರದು ಎಂದು ಅವರಿಗೆ ಹೊಳೆದಿರಲಿಲ್ಲ. ಹಿಂದಿನ ಸಂಜೆ ಊರಿಗೆ ಬಂದವರಿಗೆ ವಾಸನೆ ಹತ್ತಿತಂತೆ. ಕೋಲಿಗೆ ಬಟ್ಟೆಯೇನೋ ಕಟ್ಟಿದರು. ಆದರೆ ಆ ಮಂಜಿನಲ್ಲಿ ಯಾರಿಗೆ ಕಾಣಬೇಕು? ನಸುಕಿನಲ್ಲೇ ಮಂಚ ಹೊತ್ತು ತಂದು ಕೂತರು. ಒಬ್ಬಳು ಅಷ್ಟರಲ್ಲೇ ಒಂದು ಹಿಡಿ ಕಿತ್ತಿದ್ದಳು. ಅದನ್ನು ಎಸೆಸಿ, ಕೈ ತೊಳೆಸಿ ಕಳಿಸಿದರು.

ಅಷ್ಟರಲ್ಲಿ ನಮ್ಮವರು ಏದುತ್ತಾ ಬಂದರು. ತಾವೂ ಎದ್ದು ನಿಂತರು. ಎಂಥ ಬೈಗುಳ! ಓದಿದವನು ನೀನು, ಡಬ್ಬದ ಮೇಲಿನದು ಓದಲು ಬರುವವನು ನೀನು, ಒಂದು ವಾರ ತಡೆಯಲಾರದೆ ಹೋದೆಯಾ, ನನ್ನ ಮನೆಯಲ್ಲಿ ಹೆಣ ಬಿದ್ದಿದ್ದರೆ ಏನು ಹೇಳುತ್ತಿದ್ದೆ... ನಮ್ಮವರು ತಲೆ ತಗ್ಗಿಸಿ ನಿಂತಿದ್ದರು. ಹೆಂಡತಿ ಹೇಳಿದಳು ಎಂದು ಒಂದು ಮಾತು ಆಡಲಿಲ್ಲ. ಎಲ್ಲದಕ್ಕೂ ನಾಲಿಗೆ ಇರುವ ನಾನು ಸೆರಗು ಹೊದ್ದು ಸುಮ್ಮನೆ ನಿಂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, "ನಾನು ಹೇಳಿದ್ದು ಅಂತ ಯಾಕ್ರೀ ಹೇಳ್ಲಿಲ್ಲ?"

"ಇಬ್ರೂ ಬೈಸ್ಕೊಂಡ್ರೆ ಏನು ಬಂತು? ಬಿಡು" ಅಂದರು.

ಬಿಟ್ಟೆ. ಸೊಸೆಗೆ ಹೆಣ್ಣು ಮಗು ಆಯಿತು, ಗಟ್ಟಿಯಾಗಿತ್ತು. ಇನ್ನೂ ಮೂರು ಚಳಿಗಾಲ ಹೋಗಿ ಬಂದೆವು. ತಾವೂ ಪಾಠ ಹೇಳುವುದನ್ನು ಬಿಡಲಿಲ್ಲ, ಆದರೆ ಔಷಧಿಯ ಡಬ್ಬ ಮಾತ್ರ ತಮ್ಮ ಮನೆಯಲ್ಲೇ ಬೀಗ ಹಾಕಿ ಇಟ್ಟುಕೊಂಡರು. ಬಾಬೂ ಒಳ್ಳೆಯವನು, ಜವಾಬ್ದಾರಿ ಇಲ್ಲ ಎಂದು ಎದುರಿಗೇ ಅನ್ನುತ್ತಿದ್ದರು. ನಮ್ಮವರು ನಗುತ್ತಿದ್ದರು. ಮೂವತ್ತೈದು ವರ್ಷ ಆಫೀಸಿನಲ್ಲಿ ಒಂದು ಕಾಗದ ಕಳೆಯದ ಮನುಷ್ಯ.

ಆಮೇಲೆ ನಮ್ಮವರ ಮಂಡಿ ಹೋಯಿತು, ಜಮೀನು ಕೊಟ್ಟುಬಿಟ್ಟೆವು. ತಾವೂ ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ. ನಮ್ಮವರು ಹೋಗಿ ಆರು ವರ್ಷ. ನಾನು ವಸಂತ್ ಕುಂಜ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳಿಗೆ ಮೊನ್ನೆ ಇದನ್ನೆಲ್ಲ ಹೇಳಿದೆ. "ತೋ ಅಜ್ಜಿ, ಸಾರಿ ಹೇಳಿದ್ರಾ?" ಎಂದು ಕೇಳಿದಳು. ಇಲ್ಲ. ಮೂರು ಚಳಿಗಾಲ, ಅಷ್ಟೊಂದು ಭಾನುವಾರ ಇದ್ದವು. ಹೊಡೀರಿ ಅಂದದ್ದು ನಾನು ಎಂದು ಹೇಳಲಿಲ್ಲ. ನಮ್ಮವರಿಗೆ ಜವಾಬ್ದಾರಿ ಇಲ್ಲ ಎಂದುಕೊಂಡೇ ತಾವೂ ಹೋದರು.