ಒಕ್ಕೂಟದ ಡಾಕ್ಟರು ಸೀನಿದ್ದು

ಬ್ರೂಸ್‌ಪೇಟೆಯ ಅಲರ್ಜಿ ಡಾಕ್ಟರು ನಾಡಿ ಹಿಡಿಯುವ ಮೊದಲು ಗೋಡೆಯ ಫೋಟೋ ತೋರಿಸುತ್ತಿದ್ದರು. ದೇಶದೇಶಗಳ ಅಲರ್ಜಿ ಡಾಕ್ಟರುಗಳ ಸಂಘಗಳೆಲ್ಲ ಸೇರಿ ದೊಡ್ಡ ಒಕ್ಕೂಟ ಕಟ್ಟಿದ್ದವಂತೆ. ಅದರ ಸಭೆಯ ಆ ಫೋಟೋದಲ್ಲಿ, ಹಿಂದಿನ ಸಾಲಿನಲ್ಲಿ ಕಾಣುವ ಅರ್ಧ ಕಿವಿ ಇವರದಂತೆ.

ಕರೂರು ಹಳ್ಳಿಗೆ ಕೊಟ್ಟಿದ್ದ ನಮ್ಮಕ್ಕನಿಗೆ ಭತ್ತ ತೂರುವಾಗಲೆಲ್ಲ ಉಬ್ಬಸ ಏಳುತ್ತಿತ್ತು. ಅದು ಕೆಲಸಗಳ್ಳಿಯ ನಾಟಕವೆಂದು ಅವಳ ಅತ್ತೆ ಅವಳನ್ನು ತವರಿಗೆ ಅಟ್ಟಲು ಸಿದ್ಧಳಾಗಿದ್ದಳು. ಅದು ನಿಜವಾದ ಕಾಯಿಲೆಯೆಂದು ಡಾಕ್ಟರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅತ್ತೆ ಸೊಸೆಯರ ಜೊತೆ ನಾನೂ ಹೋಗಿದ್ದೆ.

“ಹೊಟ್ಟಿನ ಧೂಳಿಂದ ಹಿಂಗಾಗತೈತೇನ್ರಿ?” ಎಂದಳು ಅಕ್ಕ.

“ಒಕ್ಕೂಟದಾಗ ಚರ್ಚೆ ನಡದೈತಮ್ಮ. ಅದು ಮುಗಿಯೋತನಕ ನಾ ಬಾಯಿ ಬಿಡಂಗಿಲ್ಲ,” ಎಂದರು ಡಾಕ್ಟರು, ಎಲ್ಲರಿಗೂ ಹೇಳುವಂತೆಯೇ, ಕನ್ನಡಕ ಒರೆಸುತ್ತ.

“ಧೂಳಿಂದ ಯಾರಿಗೇನಾಗತೈತ್ರಿ? ಇಲ್ಲಿ ನೋಡ್ರಿ!” ಎಂದು ಅತ್ತೆ ಕಣದಿಂದ ಹಾಗೇ ಉಟ್ಟುಬಂದಿದ್ದ ಸೀರೆಯ ಸೆರಗನ್ನು ಅವರ ಮುಖದೆದುರು ಫಟಫಟ ಕೊಡವಿದಳು.

ಡಾಕ್ಟರು ಸೀನಿದರು. ಮತ್ತೆ ಮತ್ತೆ ಸೀನಿದರು. ಕಣ್ಣು ಕೆಂಪಾಗಿ, ಉಸಿರು ಸುಯ್‌ಗುಟ್ಟಿ, ಮೇಜು ಹಿಡಿದು ಬಗ್ಗಿದರು.

ಅತ್ತೆ ಅವರನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದಳು.

“ಇವ್ರಿಗೇನು ನಾ ಭತ್ತ ತೂರಾಕ ಹೇಳಿದ್ನೇನು, ನಾಟಕ ಮಾಡಾಕ? ನಡಿಯವ್ವ ಮನಿಗಿ. ಇನ್ನ ಕಣದ ಕಡಿ ಬರಬ್ಯಾಡ, ಅಡಿಗಿ ನೋಡ್ಕೋ.”